ಪದಚರ್ಚೆ: ‘ಎಂಪ್ಲಾಯರ್ ಆಫ್ ರೆಕಾರ್ಡ್’ಗೆ ಕನ್ನಡದಲ್ಲಿ ಏನು ಹೇಳುವುದು?

ಎಲ್ಲರಿಗೂ ನಮಸ್ಕಾರ.

ನನ್ನ ಅಕ್ಕನ ಮಗಳು ಮೈಸೂರಿನ ಮನೆಯಲ್ಲೇ ಕೂತು ಜರ್ಮನಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಕೆಲಸ ಮಾಡುತ್ತಾಳೆ. ಆ ಕಂಪನಿಗೆ ಭಾರತದಲ್ಲಿ ಆಫೀಸೂ ಇಲ್ಲ, ನೋಂದಣಿಯೂ ಇಲ್ಲ. ಅವಳ ನೇಮಕ ಪತ್ರದಲ್ಲಿ ಇರುವುದು ಬೆಂಗಳೂರಿನ ಇನ್ನೊಂದು ಕಂಪನಿಯ ಹೆಸರು. ಸಂಬಳ ಹಾಕುವುದು, ಪಿಎಫ್ ಕಟ್ಟುವುದು, ತೆರಿಗೆ ಹಿಡಿದು ಅದರ ಪ್ರಮಾಣಪತ್ರ ಕೊಡುವುದು ಎಲ್ಲ ಬೆಂಗಳೂರಿನವರೇ. ಇವತ್ತು ಏನು ಕೆಲಸ, ರಜೆ ಯಾವಾಗ, ಸಂಬಳ ಎಷ್ಟು ಏರಿಸಬೇಕು ಎಂದು ತೀರ್ಮಾನಿಸುವವರು ಮಾತ್ರ ಜರ್ಮನಿಯವರು.

ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಕೇಳಿದರು, “ಹಾಗಾದ್ರೆ ನೀವು ಯಾರ ನೌಕರರು?” ಸಂಜೆ ಭಾವನೂ ಅದನ್ನೇ ಕೇಳಿದರು. ಅವರಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಒಂದು ಪುಟ ಬರೆದುಕೊಡು ಚಿಕ್ಕಮ್ಮ ಎಂದಳು ಹುಡುಗಿ. ಬರೆಯಲು ಕೂತೆ, ಮೊದಲ ಸಾಲಿನಲ್ಲೇ ನಿಂತೆ. ಬೆಂಗಳೂರಿನ ಆ ಕಂಪನಿಯನ್ನು ಇಂಗ್ಲಿಷಿನಲ್ಲಿ ‘ಎಂಪ್ಲಾಯರ್ ಆಫ್ ರೆಕಾರ್ಡ್’ ಅನ್ನುತ್ತಾರೆ. ಕನ್ನಡದಲ್ಲಿ?

ಇಂಥ ಏರ್ಪಾಡು ಯಾಕೆ ಬಂತು ಅಂತ ಎರಡು ಮಾತು ಹೇಳಿಬಿಡುತ್ತೇನೆ. ಇಲ್ಲಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ತೆರೆಯಬೇಕೆಂದರೆ ಕನಿಷ್ಠ 2 ನಿರ್ದೇಶಕರು ಬೇಕು. ಅವರಲ್ಲಿ ಒಬ್ಬರಾದರೂ ವರ್ಷದಲ್ಲಿ 182 ದಿನ ಭಾರತದಲ್ಲಿ ಇದ್ದವರಾಗಿರಬೇಕು. ಆಮೇಲೆ ಪ್ರತಿವರ್ಷ ಆಡಿಟ್, ಪ್ರತಿವರ್ಷ ಲೆಕ್ಕಪತ್ರ ಸಲ್ಲಿಕೆ. ಒಬ್ಬಳೇ ಹುಡುಗಿಗೆ ಸಂಬಳ ಕೊಡಲು ಇಷ್ಟೆಲ್ಲ ಯಾರು ಮಾಡುತ್ತಾರೆ? ಅದಕ್ಕೇ ಇಲ್ಲಿ ಆಗಲೇ ಇರುವ ಕಂಪನಿಯೊಂದು ತನ್ನ ಹೆಸರಿನಲ್ಲಿ ಅವಳನ್ನು ನೇಮಿಸಿಕೊಳ್ಳುತ್ತದೆ.

ಈಗ ಪದದ ವಿಷಯ. ಮೊದಲು ಹೊಳೆದದ್ದು ‘ಹೊರಗುತ್ತಿಗೆ’. ನಮ್ಮ ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಆದರೆ ಹೊರಗುತ್ತಿಗೆಯಲ್ಲಿ ಜನರನ್ನು ಹುಡುಕಿ ತರುವವರು ಗುತ್ತಿಗೆದಾರರು. ಇಲ್ಲಿ ಇಂಟರ್‌ವ್ಯೂ ಮಾಡಿ ಇವಳೇ ಬೇಕು ಎಂದು ಆರಿಸಿಕೊಂಡವರು ಜರ್ಮನಿಯವರು. ಅದೂ ಅಲ್ಲದೆ, ಹೊರಗುತ್ತಿಗೆ ಎಂದ ಕೂಡಲೇ ಭಾವನ ಮುಖ ಸಣ್ಣದಾಯಿತು. ಯಾವಾಗ ಬೇಕಾದರೂ ಹೋಗುವ ಕೆಲಸ ಎಂಬ ಅರ್ಥ ಆ ಪದಕ್ಕೆ ಅಂಟಿಕೊಂಡಿದೆ. ಮಗಳ ಕೆಲಸಕ್ಕೆ ಆ ಹೆಸರು ಕೊಡುವುದು ಸರಿಯಲ್ಲ.

‘ಎರವಲು ಸೇವೆ’ ಎಂಬ ಮಾತು ಸರ್ಕಾರಿ ಆದೇಶಗಳಲ್ಲಿ ಇದೆ. ಜರ್ಮನ್ ಭಾಷೆಯಲ್ಲೂ ಏಜೆನ್ಸಿ ಮೂಲಕ ಮಾಡುವ ದುಡಿಮೆಯನ್ನು ‘ಲೈಆರ್ಬೈಟ್’, ಅಂದರೆ ಎರವಲು ದುಡಿಮೆ, ಎಂದೇ ಕರೆಯುತ್ತಾರೆ. ಅದಕ್ಕೆ 1972ರಿಂದ ಪ್ರತ್ಯೇಕ ಕಾಯ್ದೆ ಇದೆ. ಆದರೆ ಎರವಲು ಕೊಡಬೇಕಾದರೆ ಮೊದಲು ನಮ್ಮ ಹತ್ತಿರ ಇರಬೇಕು, ಅಲ್ವಾ? ಬೆಂಗಳೂರಿನವರ ಹತ್ತಿರ ಇವಳು ಮೊದಲು ಇರಲೇ ಇಲ್ಲ.

ಫ್ರೆಂಚಿನಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಪದ್ಧತಿಯ ಹೆಸರು ‘ಪೋರ್ತಾಜ್ ಸಲಾರಿಯಾಲ್’. ಸಂಬಳವನ್ನು ಹೊರುವುದು ಎಂಬ ಭಾವ ಅದರಲ್ಲಿದೆ. ನನಗೆ ಇಷ್ಟವಾಯಿತು.

‘ಉದ್ಯೋಗದಾತ’ ಪದದಲ್ಲಿ ನನಗೆ ಕಂಡ ತೊಡಕೇ ಬೇರೆ. ಪತ್ರಿಕೆಗಳು ಎಂಪ್ಲಾಯರ್‌ಗೆ ಈ ಪದವನ್ನೇ ಬಳಸುತ್ತವೆ. ಆದರೆ ಈ ಹುಡುಗಿಗೆ ನಿಜವಾಗಿ ಉದ್ಯೋಗ ಕೊಟ್ಟವರು ಯಾರು? ಜರ್ಮನಿಯವರು. ಕಾನೂನಿನ ಪ್ರಕಾರ ಎಂಪ್ಲಾಯರ್ ಯಾರು? ಬೆಂಗಳೂರಿನವರು. ಸಂಬಳ ನಿಂತರೆ, ಪಿಎಫ್ ಕಟ್ಟದಿದ್ದರೆ ಇಲ್ಲಿಯ ಕಾರ್ಮಿಕ ಇಲಾಖೆ, ಪಿಎಫ್ ಕಚೇರಿ ಮೊದಲು ಕೇಳುವುದು ಅವರನ್ನೇ. ‘ದಾತ’ ಎಂದರೆ ಬೆರಳು ತಪ್ಪು ಕಡೆ ತೋರಿಸಿದ ಹಾಗೆ. 2025ರ ವರೆಗೆ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಬರುತ್ತಿದ್ದ ‘ಪ್ರಿನ್ಸಿಪಲ್ ಎಂಪ್ಲಾಯರ್’ ಕೂಡ ಇದಕ್ಕೆ ಹೊಂದುವುದಿಲ್ಲ. ಅಲ್ಲಿ ಆ ಹೆಸರು ಇದ್ದದ್ದು ಕೆಲಸ ಮಾಡಿಸಿಕೊಳ್ಳುವವರಿಗೆ.

ಇನ್ನು ‘ಆಫ್ ರೆಕಾರ್ಡ್’. ‘ದಾಖಲೆಯ ಉದ್ಯೋಗದಾತ’ ಎಂದು ಬರೆದು ನೋಡಿದೆ. ಓಡುವುದರಲ್ಲೋ ಈಜುವುದರಲ್ಲೋ ದಾಖಲೆ ಮಾಡಿದವರ ಹಾಗೆ ಕೇಳಿಸಿತು. ಆಗ ನೆನಪಾದದ್ದು ಸುಪ್ರೀಂ ಕೋರ್ಟಿನ ‘ಅಡ್ವೊಕೇಟ್ ಆನ್ ರೆಕಾರ್ಡ್’. ಅಲ್ಲಿ ನಿಂತು ವಾದ ಮಾಡುವ ಹಿರಿಯ ವಕೀಲರು ಒಬ್ಬರು, ಕೇಸು ದಾಖಲಿಸಿ ಅದರ ಕಾಗದಪತ್ರಗಳಿಗೆ ಜವಾಬ್ದಾರರಾಗುವವರು ಇನ್ನೊಬ್ಬರು. ಮೈಸೂರಿನ ಹುಡುಗಿಯ ಕತೆಯೂ ಇದೇ ತಾನೇ? ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಇಂಥ ವಕೀಲರನ್ನು ಜನ ‘ವಕಾಲತ್ತು ಹಾಕಿದವರು’ ಎನ್ನುತ್ತಾರೆ. ರೆಕಾರ್ಡಿನ ಗೋಜಿಗೇ ಹೋಗದೆ, ಅವರು ಮಾಡಿದ ಕೆಲಸವನ್ನೇ ಹಿಡಿದು ಹೆಸರಿಟ್ಟಿದ್ದಾರೆ. ಎಷ್ಟು ಚೆಂದ!

ಇದೇ ದಾರಿ ಹಿಡಿದರೆ, ನೇಮಕ ಪತ್ರ ಕೊಟ್ಟವರು ‘ನೇಮಕದ ಮಾಲೀಕರು’, ಕೆಲಸ ಮಾಡಿಸಿಕೊಳ್ಳುವವರು ‘ಕೆಲಸದ ಮಾಲೀಕರು’. ಜೋಡಿಯಾಗಿ ಹೇಳಿದರೆ ಒಂದು ಇನ್ನೊಂದನ್ನು ಬಿಡಿಸಿ ಹೇಳುತ್ತದೆ. ಸದ್ಯಕ್ಕೆ ನನ್ನ ಒಲವು ಇದರ ಕಡೆಗೇ.

‘ಖಾತೆ ಮಾಲೀಕರು’ ಎಂದರೆ ಹೇಗೆ ಅಂತಲೂ ಯೋಚಿಸಿದೆ. ಪಹಣಿಯಲ್ಲಿ 9ನೇ ಕಾಲಮ್ಮಿನಲ್ಲಿ ಖಾತೆದಾರರ ಹೆಸರು, 12ನೇ ಕಾಲಮ್ಮಿನಲ್ಲಿ ಸಾಗುವಳಿ ಮಾಡುವವರ ಹೆಸರು ಇರುತ್ತದಲ್ಲ, ಹಾಗೆ. ಹಳ್ಳಿಯವರಿಗೆ ತಟ್ಟನೆ ಹೊಳೆಯುತ್ತದೆ. ಆದರೆ ಪೇಟೆಯಲ್ಲಿ ಖಾತೆ ಎಂದರೆ ಬ್ಯಾಂಕ್ ಖಾತೆಯೇ.

ಬೆಂಗಳೂರಿನ ಐಟಿ ಹುಡುಗರು “ನನ್ನ ಪೇರೋಲ್ ಬೇರೆ ಕಂಪನಿದು” ಎಂದು ಸುಮ್ನೆ ಹೇಳಿ ಮುಗಿಸುತ್ತಾರೆ. ಪೇರೋಲ್ ಅಂದರೆ ಸಂಬಳದ ಪಟ್ಟಿ. ‘ಪೇರೋಲ್ ಕಂಪನಿ’ ಜಾಸ್ತಿ ಬಳಕೆಯಲ್ಲಿರುವ ಮಾತು, ಬಿಡುವ ಹಾಗಿಲ್ಲ. ಆದರೆ ಸಂಬಳದ ಲೆಕ್ಕ ಮಾತ್ರ ಹಾಕಿಕೊಡುವ, ನೌಕರರ ಹೊಣೆ ಇಲ್ಲದ ಕಂಪನಿಗಳನ್ನೂ ಹಾಗೇ ಕರೆಯುತ್ತಾರೆ. ಬ್ಯಾಂಕಿನವರಿಗೆ ತಿಳಿಯಬೇಕಾದದ್ದು ಈ ವ್ಯತ್ಯಾಸವೇ.

ಕಾರ್ಮಿಕ ಕಾನೂನಿನ ಕಾಗದಗಳನ್ನು ಕನ್ನಡದಲ್ಲಿ ನೋಡುವವರು ಇಲ್ಲಿದ್ದರೆ ದಯವಿಟ್ಟು ಹೇಳಿ: ‘ಮಾಲೀಕ’ ಪದವನ್ನು ಹೀಗೆ ಎರಡಾಗಿ ಒಡೆದರೆ ಗೊಂದಲವಾಗುತ್ತದೆಯೇ? ಹೀಗೇ ಸಂಬಳ ಪಡೆಯುವವರು ಯಾರಾದರೂ ಇದ್ದರೆ, ಮನೆಯಲ್ಲಿ ಹಿರಿಯರು ಕೇಳಿದಾಗ ನೀವು ಯಾವ ಮಾತು ಬಳಸುತ್ತೀರಿ? ಅದನ್ನು ಹಾಗೇ, ಆಡುವ ಹಾಗೇ ಬರೆಯಿರಿ. ಮುಂದಿನ ಭಾನುವಾರ ಆ ಪುಟವನ್ನು ಭಾವನ ಕೈಗೆ ಕೊಡಬೇಕು.