ವ್ಯಾಲಿ ಆಫ್ ಫೈರ್‌ನ ಬಂಡೆಚಿತ್ರಗಳನ್ನು ಹೆಚ್ಚು ಹತ್ತದೆ ನೋಡಬಹುದೆ?

ಪ್ರಶ್ನೆ (ಬದಿಯಡ್ಕ, ಕಾಸರಗೋಡು):
ಮಾನ್ಯರೇ, ಮಗಳು ಅಮೆರಿಕದ ನೆವಾಡಾ ರಾಜ್ಯದ ಲಾಸ್ ವೇಗಾಸ್‌ನಲ್ಲಿರುವುದರಿಂದ ಬರುವ ಡಿಸೆಂಬರಿನಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಲಿದ್ದೇವೆ. ಆ ನಗರದಿಂದ ಸುಮಾರು 80 ಕಿಲೋಮೀಟರ್ ದೂರದ ವ್ಯಾಲಿ ಆಫ್ ಫೈರ್ ಎಂಬ ಮರುಭೂಮಿ ಉದ್ಯಾನದಲ್ಲಿ ಪ್ರಾಚೀನರ ಬಂಡೆಚಿತ್ರಗಳಿವೆಯಂತೆ. ಮುರಕಲ್ಲಿನ ಪಾರೆಯ ಮೇಲೆಯೇ ಆಡಿ ಬೆಳೆದ ನನಗೆ ಕೆಂಪು ಕಲ್ಲು ಹೊಸತಲ್ಲ. ಆದರೆ ಆ ಚಿತ್ರಗಳು ಬಣ್ಣದವೋ ಕೆತ್ತಿದವೋ, ಇಷ್ಟು ಕಾಲ ಉಳಿದದ್ದು ಹೇಗೆ ಎಂಬುದನ್ನು ತಿಳಿದೇ ಹೋಗಬೇಕೆಂದಿದ್ದೇನೆ. ಮನೆಯವರಿಗೆ ಮೊಣಕಾಲು ನೋವು ಬೇರೆ.

ಉತ್ತರ (ಹೊಸೂರು):
ಡಿಸೆಂಬರ್ ಒಳ್ಳೆಯ ಆಯ್ಕೆ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುವುದರಿಂದ ಕೆಲವು ಕಾಲುಹಾದಿಗಳನ್ನೇ ಮುಚ್ಚುತ್ತಾರೆ. ಅಟ್ಲಾಟಲ್ ರಾಕ್ ಎಂಬಲ್ಲಿ ಚಿತ್ರಗಳು ಬಂಡೆಯ ಎತ್ತರದಲ್ಲಿವೆ. ಕಬ್ಬಿಣದ ಕಡಿದಾದ ಮೆಟ್ಟಿಲು ಹತ್ತಬೇಕು. ತಮ್ಮ ಮನೆಯವರು ಕೆಳಗೆ ನಿಂತು ದುರ್ಬೀನಿನಲ್ಲಿ ನೋಡಲಿ. ಅದೇ ಉದ್ಯಾನದ ಮೌಸಸ್ ಟ್ಯಾಂಕ್ ಎಂಬ ಕಾಲುಹಾದಿ ಹೋಗಿಬರಲು ಸುಮಾರು 1.2 ಕಿಲೋಮೀಟರ್, ಏರು ಹೆಚ್ಚಿಲ್ಲ, ಇಕ್ಕೆಲದ ಗೋಡೆಗಳ ತುಂಬ ಕೆತ್ತನೆಗಳಿವೆ, ಆದರೆ ಮರಳಿನಲ್ಲಿ ಕಾಲು ಹೂತುಹೋಗುತ್ತದೆ. ಬೇಕಲದ ಕಡಲತೀರದಲ್ಲಿ ನಡೆದಾಡಬಲ್ಲವರಿಗೆ ಇದು ಕಷ್ಟವಾಗದು.

ಉತ್ತರ (ಆದೋನಿ):
ಅವು ಬಣ್ಣದವಲ್ಲ. ಮರುಭೂಮಿಯ ಬಂಡೆಯ ಮೈಮೇಲೆ ಜೇಡಿ, ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳು ಸೇರಿ ಸಾವಿರಾರು ವರ್ಷಗಳಲ್ಲಿ ತೆಳುವಾದ ಕಪ್ಪು ಪೊರೆಯೊಂದು ಕಟ್ಟುತ್ತದೆ. ಗಟ್ಟಿ ಕಲ್ಲಿನಿಂದ ಕುಟ್ಟಿ ಅದನ್ನು ಎಬ್ಬಿಸಿದರೆ ಒಳಗಿನ ತಿಳಿಬಣ್ಣ ಕಾಣುತ್ತದೆ, ಅದೇ ಚಿತ್ರ. ಮಳೆ ಅಪರೂಪವಾದ್ದರಿಂದ ಸವೆತ ಬಹಳ ನಿಧಾನ. ನಮಗೆ ಹತ್ತಿರದ ಬಳ್ಳಾರಿಯ ಕುಪ್ಗಲ್ಲಿನಲ್ಲಿಯೂ ಕಪ್ಪು ಬಂಡೆಯನ್ನು ಹೀಗೆಯೇ ಕುಟ್ಟಿ ಇಣಿಯುಳ್ಳ ಹೋರಿಗಳನ್ನು ಮೂಡಿಸಿದ್ದಾರೆ. ಅಲ್ಲಿ ಹೋರಿ, ನೆವಾಡಾದಲ್ಲಿ ದೊಡ್ಡ ಕೊಂಬಿನ ಕಾಡುಕುರಿ. (ಕುಪ್ಗಲ್ಲಿನ ಕೆಲವು ಬಂಡೆಗಳು ತಟ್ಟಿದರೆ ಗಂಟೆಯಂತೆ ನುಡಿಯುತ್ತವೆ, ಊರಿಗೆ ಮರಳಿದ ಮೇಲೆ ಅದನ್ನೂ ನೋಡಿ.) ಬೆರಳಿನ ಎಣ್ಣೆಯಿಂದಲೂ ಆ ಪೊರೆ ಕೆಡುವುದರಿಂದ ಮುಟ್ಟಬೇಡಿ. ಓರೆಬಿಸಿಲು ಬೀಳುವ ಬೆಳಗ್ಗೆ ಅಥವಾ ಸಂಜೆ ಹೋದರೆ ಕೆತ್ತನೆ ಎದ್ದು ಕಾಣುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಅಟ್ಲಾಟಲ್ ಎಂದರೇನು?

ಉತ್ತರ (ಹೊಸೂರು):
ಈಟಿಯನ್ನು ದೂರಕ್ಕೆ ಎಸೆಯಲು ಬಳಸುತ್ತಿದ್ದ ಕೊಕ್ಕೆಯುಳ್ಳ ಕೋಲು. ಬಿಲ್ಲುಬಾಣಕ್ಕಿಂತ ಹಳೆಯ ಆಯುಧ. ಮೆಟ್ಟಿಲು ಹತ್ತಿ ನೋಡುವ ಚಿತ್ರಗಳಲ್ಲಿ ಅದೂ ಇದೆ, ಹುಡುಕಿ ನೋಡಿ.