ಎಕ್ಸ್‌ಎಂಎಲ್ ಅಜ್ಜಿಯ ಮಡಿ

ಕಾಫಿ ಇನ್ನೂ ಬಂದಿರಲಿಲ್ಲ. ಸೀನ ಲ್ಯಾಪ್‌ಟಾಪ್ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಅತ್ತೆಯ ಅಡುಗೆ ಪುಸ್ತಕ ಆ್ಯಪ್‌ಗೆ ಹಾಕೋಣ ಅಂತ ಟೈಪ್ ಮಾಡಿದೆ ಕಣ್ರೋ. ದಪ್ಪಕ್ಷರ, ಅಡಿಗೆರೆ ಎಲ್ಲ ವೆಬ್ ಪುಟ ಬರೆಯೋ ಎಚ್‌ಟಿಎಂಎಲ್‌ನಲ್ಲಿ. ಅದನ್ನು ಮಾಹಿತಿ ಜೋಡಿಸಿಡೋ ಎಕ್ಸ್‌ಎಂಎಲ್ ಫೈಲಿಗೆ ತುಂಬಿದೆ. ತೆರೆಯೋದೇ ಇಲ್ಲ ಅಂತಿದೆ."

ನಾಣಿ ಇಣುಕಿ ನೋಡಿದ. "ಇಲ್ನೋಡು, 'ಉಪ್ಪು & ಖಾರ'. ಆ & ಹಾಗೇ ನುಗ್ಗಿದೆ. ಎಕ್ಸ್‌ಎಂಎಲ್‌ಗೆ ಅದು ವಿಶೇಷ ಗುರುತು, ಹಾಗೇ ಒಳಗೆ ಬಿಡಲ್ಲ."

"ಒಂದು ಚಿಹ್ನೆಗೆ ಇನ್ನೂರು ಅಡುಗೆ ಚೆಲ್ಲೋದಾ?"

"ಎಕ್ಸ್‌ಎಂಎಲ್ ಮಡಿ ಅಜ್ಜಿ ಕಣೋ. ಹುಟ್ಟಿದ್ದು 1998ರಲ್ಲಿ, ಹುಟ್ಟುವಾಗಲೇ ಅಜ್ಜಿ. ಇಲ್ಲಿ ಶುರು, ಇಲ್ಲಿ ಮುಗೀತು ಅಂತ ಹೇಳೋ ಗುರುತು ಟ್ಯಾಗ್. ಒಂದು ಟ್ಯಾಗ್ ಮುಚ್ಚದಿದ್ರೆ ಇಡೀ ಅಡುಗೆ ಮೈಲಿಗೆ. ಎಚ್‌ಟಿಎಂಎಲ್ ಬೀದಿ ಸುತ್ತಿ ಬಂದ ಮೊಮ್ಮಗ. ಹೊಸ ಸಾಲಿಗೆ ಬಿಆರ್ ಅಂತ ಬಾಗಿಲು ತೆಗೀತಾನೆ, ಮುಚ್ಚೋ ಅಭ್ಯಾಸವೇ ಇಲ್ಲ."

"ಅಷ್ಟಕ್ಕೆಲ್ಲ ಯಾಕೆ? ಇದು ಬರೀ ಅಕ್ಷರ, ಒಳಗೆ ಟ್ಯಾಗ್ ಹುಡುಕಬೇಡ ಅನ್ನೋ ಸೀಡೇಟಾ ಹಾಕಿಬಿಡು" ಎಂದ ಸುಬ್ಬು. ಅವನಿಗೆ ಎಲ್ಲ ಕಾಯಿಲೆಗೂ ಅದೊಂದೇ ಕಷಾಯ.

"ಹಾಕು. ಮೊಮ್ಮಗನಿಗೆ ಕಂಬಳಿ ಮುಚ್ಚಿ ಅಜ್ಜಿ ಮುಂದೆ ಕೂರಿಸಿದ ಹಾಗೆ. ಒಳಗೇನಿದೆ ನಾನು ನೋಡಲ್ಲಪ್ಪ ಅಂತ ಅಜ್ಜಿ ಮುಖ ತಿರುಗಿಸ್ತಾಳೆ. ಮಡಿ ಉಳೀತು."

"ಮತ್ತೇನು ತೊಂದರೆ?"

"ಆ ಹುಡುಗನೇ ಒಳಗೆ ಎರಡು ಚೌಕ ಕಂಸ, ಒಂದು ಬಾಣ ಬರೆದ್ರೆ? ]]> ಅಂತ? ಅದೇ ಸೀಡೇಟಾ ಮುಗಿಯೋ ಗುರುತು, ಕಂಬಳಿ ಅಲ್ಲಿಗೇ ಮುಗೀತು. ಕಾಲು ಹೊರಗೆ. ಅಜ್ಜಿ ಮತ್ತೆ ಸ್ನಾನಕ್ಕೆ."

"ಎರಡು ಕಂಬಳಿ ಹೊದಿಸು."

"ನೀನು ತಮಾಷೆಗೆ ಹೇಳ್ದೆ, ಉಪಾಯ ಅದೇ! ಆ ಮೂರು ಚಿಹ್ನೇನ ಸೀಳಿ ಅರ್ಧ ಈ ಕಂಬಳಿಲಿ, ಅರ್ಧ ಆ ಕಂಬಳಿಲಿ. ಇದಕ್ಕೆ ಇಂಜಿನಿಯರಿಂಗ್ ಅಂತಾರೆ."

ಕಾಫಿ ಬಂತು. ಮೂವರಿಗೆ ಬೈಟೂ. ಅದನ್ನು ಹಂಚುವ ಚರ್ಚೆಯಲ್ಲಿ ಕಾಫಿ ತಣ್ಣಗಾಯಿತು.

"ಸರಿ, ಕಂಬಳಿ ಬೇಡ. & ಇದ್ದ ಕಡೆ &ಆಂಪ್; ಅಂತ ಬರೀತೀನಿ" ಎಂದ ಸೀನ.

"ಬರಿ. ಅದು ಕೈಕಾಲು ತೊಳೆಸಿ ಒಳಗೆ ಕರ್ಕೊಂಡ ಹಾಗೆ. ಎಚ್‌ಟಿಎಂಎಲ್ ಲೆಕ್ಕಕ್ಕೆ ಒಂದ್ಸಲ, ಅಜ್ಜಿ ಲೆಕ್ಕಕ್ಕೆ ಇನ್ನೊಂದ್ಸಲ. ಅಲ್ಲಿಗೆ ನಿಲ್ಲಿಸಬೇಕು. ನಾವೊಂದು ಅಂಗಡಿಗೆ ಕೆಲಸ ಮಾಡ್ತಿದ್ವಿ. ನಾನು ಎರಡು ಸಲ ತೊಳೆದೆ. ಪಕ್ಕದ ಸೀಟಿನವನು ನಂಬದೆ ಮೂರನೇ ಸಲ ತೊಳೆದ. ಪರದೆ ಮೇಲೆ 'ಬೆಲ್ಲ &ಆಂಪ್; ತುಪ್ಪ'. ಗಿರಾಕಿ ಫೋನ್ ಮಾಡಿ ಜಗಳ: ಬೆಲ್ಲ ಬಂತು, ತುಪ್ಪ ಬಂತು, ಆಂಪ್ ಯಾಕೆ ಕಳಿಸಿಲ್ಲ?"

ಸುಬ್ಬು ನಗುತ್ತ ಕಾಫಿ ಚೆಲ್ಲಿಕೊಂಡ. ಸೀನ ನಗಲಿಲ್ಲ. ಅವನ ಫೈಲಿನಲ್ಲಿ ಇನ್ನೂ ಮೂವತ್ತು & ಇದ್ದವು.

"ಸೈಟಿನ ಹೊಸ ಬರಹ ಹಂಚೋ ಆಟಮ್ ಫೀಡ್‌ನವರು ವಾಸಿ" ಎಂದು ನಾಣಿ ಮುಂದುವರಿಸಿದ, ಯಾರೂ ಕೇಳದಿದ್ದರೂ. "2005ರಲ್ಲೇ, ಡಬ್ಬಿ ಮೇಲೆ ಚೀಟಿ ಅಂಟಿಸಿ ಅಂದ್ರು. ಒಳಗಿರೋದು ಬರೀ ಅಕ್ಷರವಾ, ಎಚ್‌ಟಿಎಂಎಲ್ಲಾ, ಎಕ್ಸ್‌ಎಚ್‌ಟಿಎಂಎಲ್ಲಾ ಅಂತ. ಆ ಕೊನೆಯವನು ಎಕ್ಸ್‌ಎಂಎಲ್ ನಿಯಮ ಪಾಲಿಸೋ ಎಚ್‌ಟಿಎಂಎಲ್, 2000ದಲ್ಲಿ ಮುಂಜಿ ಆದ ಮೊಮ್ಮಗ. ಎಲ್ಲ ಬಾಗಿಲೂ ಮುಚ್ತಾನೆ. ಅಜ್ಜಿ ಪಂಕ್ತೀಲೇ ಕೂರಬಹುದು."

"ಹಾಗಿದ್ರೆ ಎಲ್ರೂ ಅವನನ್ನೇ ಇಟ್ಕೋಬಹುದಿತ್ತಲ್ವಾ?"

"ಇಟ್ಕೊಂಡವರೂ ಬ್ರೌಸರ್‌ಗೆ ಎಚ್‌ಟಿಎಂಎಲ್ ಅಂತಲೇ ಹೇಳಿ ಕಳಿಸ್ತಿದ್ರು. ಬ್ರೌಸರ್ ಅಂದ್ರೆ ಅಮ್ಮ ಕಣೋ. ಪ್ಯಾರಾ ಶುರು ಮಾಡೋ ಪಿ ಟ್ಯಾಗ್ ತೆಗೆದು ಹಾಗೇ ಬಿಟ್ಟು ಬಂದ್ರೂ ಬೈಯಲ್ಲ. ಹಿಂದಿನಿಂದ ಬಂದು ತಾನೇ ಮುಚ್ಚಿ ಹೋಗ್ತಾಳೆ. ಅದಕ್ಕೇ ನಾವ್ಯಾರೂ ಕಲೀಲಿಲ್ಲ."

ನಾಣಿ ಲೋಟ ತಿರುಗಿಸುತ್ತ ಕೂತ. "ನಮ್ಮಮ್ಮ ಹೋಗಿ ಮೂರು ವರ್ಷ ಆಯ್ತು. ಈಗಲೂ ಫ್ರಿಜ್ ಬಾಗಿಲು ಸರಿಯಾಗಿ ಹಾಕದೆ ಮಲಗ್ತೀನಿ. ಬೆಳಿಗ್ಗೆ ಹಾಲು ಒಡೆದಿರುತ್ತೆ."

ಯಾರೂ ಮಾತಾಡಲಿಲ್ಲ. ಸೀನನ ಕೀಬೋರ್ಡ್ ಮಾತ್ರ ಟಕಟಕ ಅನ್ನುತ್ತಿತ್ತು.

"ತೆರೀತು!" ಎಂದು ಅವನು ಕೂಗಿದ.

"ಏನು ಮಾಡಿದೆ? ಕಂಬಳಿನಾ, ಸ್ನಾನವಾ?"

"ಬಿಆರ್‌ಗಳನ್ನೆಲ್ಲ ಮುಚ್ಚಿದೆ. ಆಮೇಲೆ 'ಉಪ್ಪು ಮತ್ತು ಖಾರ' ಅಂತ ಬರೆದೆ."