ಅಪ್‌ಡೇಟ್: ಮೀನು ಮಾರುವ ಅಕ್ಕನ ಪಾಪ್ ಆರ್ಟ್ ಮುಗಿಯಿತು

ಮಲ್ಪೆಯಲ್ಲಿ ಮೀನು ಮಾರುವ ಅಕ್ಕನ ಪಾಪ್ ಆರ್ಟ್ (ಕಾಮಿಕ್ಸ್, ಜಾಹೀರಾತಿನಂಥ ಗಾಢ ಬಣ್ಣದ ಶೈಲಿ) ಚಿತ್ರದಲ್ಲಿ ಹಳದಿ ಗೆರೆಗೆರೆಯಾಗಿ ಕಾಣುತ್ತಿದೆ, ನೇರ ಅಂಚಿಗೆಂದು ಅಂಟಿಸಿದ ಟೇಪಿನ ಅಡಿಗೆ ಕಪ್ಪು ಬಣ್ಣ ನುಗ್ಗುತ್ತಿದೆ, ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ ಅಲ್ವಾ? ಎರಡೂ ಸರಿಯಾಯಿತು.

ಹಳದಿ ಅಕ್ರಿಲಿಕ್ ಬಣ್ಣ ಅಡಿಯದ್ದನ್ನು ಸರಿಯಾಗಿ ಮುಚ್ಚುವುದಿಲ್ಲ. ನೀವು ಹೇಳಿದ ಹಾಗೆ ಮೊದಲು ಬಿಳಿ ಹಚ್ಚಿ ಒಣಗಿಸಿ, ಮೇಲೆ ತೆಳುವಾಗಿ ಹಳದಿ ಕೊಟ್ಟೆ, ಒಂದು ಪದರ ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ. ಟೇಪಿನ ಅಂಚಿಗೆ ಮ್ಯಾಟ್ ಮೀಡಿಯಂ (ಬಣ್ಣವಿಲ್ಲದ ಅಕ್ರಿಲಿಕ್ ದ್ರವ) ಸವರಿ ಸಂದು ಮುಚ್ಚಿ, ಒಣಗಿದ ಮೇಲೆಯೇ ಕಪ್ಪು. ಟೇಪ್ ಎಳೆದಾಗ ಬಂದ ಗೆರೆ ನೋಡಬೇಕಿತ್ತು, ಬ್ಲೇಡಿನಲ್ಲಿ ಕೊಯ್ದ ಹಾಗೆ!

ಕೆನ್ನೆಗೆ ಅಮೆರಿಕದ ಪಾಪ್ ಆರ್ಟ್ ಕಲಾವಿದ ರಾಯ್ ಲಿಕ್ಟನ್‌ಸ್ಟೈನ್ 1960ರ ದಶಕದಲ್ಲಿ ಬಳಸಿದಂಥ ಚುಕ್ಕಿಗಳು. ತೂತಿನ ಹಾಳೆ ಇಟ್ಟು ಸ್ಪಂಜಿನಲ್ಲಿ ತಟ್ಟಿದೆ. ಬಣ್ಣಕ್ಕೆ ನೀರು ಬೆರೆಸಬೇಡಿ, ಹರಡುತ್ತದೆ. ನಮ್ಮ ಮಳೆಗಾಲದಲ್ಲಿ ಪದರ ಒಣಗುವುದೇ ದೊಡ್ಡ ಕತೆ, ಫ್ಯಾನ್ ಬೇಕೇ ಬೇಕು.

ಬುಟ್ಟಿಯ ಬಂಗುಡೆಗೆ ಗುಲಾಬಿ ಬಣ್ಣ ಯಾಕೆ ಅಂತ ಅಮ್ಮ ಇನ್ನೂ ಕೇಳುತ್ತಿದ್ದಾರೆ.